ಒಡೆಯದ ಕಲ್ಲಿನ ವಾಸನೆ

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ಆಳಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಸತ್ತವರ ಸುಳಿವು ಸಿಕ್ಕಿತೆಂದು ಯಾರಾದರೂ ಅಂದರೆ ನಕ್ಕು ಸುಮ್ಮನಾಗುತ್ತಿದ್ದೆ.

ನನ್ನ ಅಕ್ಕ ಗೌರಿ ಭೂವಿಜ್ಞಾನ ಓದಿದವಳು. ಮದುವೆಯಾಗಿ ಮಾದನಹಿಪ್ಪರಗಾಕ್ಕೆ ಹೋದಳು. ಅವಳ ಬಳಿ ಕಪ್ಪು ನೇರಳೆ ಬಣ್ಣದ ಒಂದು ಕಲ್ಲಿತ್ತು. ಅವಳ ಗುರುಗಳು ಕೊಟ್ಟದ್ದು. ಫ್ಲೋರಿನ್ ಎಂಬ ಅನಿಲ ಸಿಕ್ಕಿದ್ದರ ಜೊತೆಗೆಲ್ಲ ಕೂಡಿಬಿಡುತ್ತದೆ, ಆದ್ದರಿಂದ ನಿಸರ್ಗದಲ್ಲಿ ಬಿಡಿಯಾಗಿ ಇರಲಾರದು ಎಂದೇ ನಾನು ಓದಿದ್ದೆ. ಆದರೆ ಆ ಜಾತಿಯ ಕಲ್ಲಿನ ಸಣ್ಣ ಸಣ್ಣ ಗೂಡುಗಳಲ್ಲಿ ಅದು ಬಿಡಿಯಾಗಿಯೇ ಉಳಿದಿರುತ್ತದಂತೆ. ಅಕ್ಕ ಒಮ್ಮೆ ಅದರ ಮೂಲೆಯೊಂದನ್ನು ಒಡೆದು ನನ್ನ ಮೂಗಿಗೆ ಹಿಡಿದಳು. ಬ್ಲೀಚಿಂಗ್ ಪೌಡರಿನಂಥ, ಅದಕ್ಕಿಂತ ಚುರುಕಾದ ವಾಸನೆ. ಕ್ಷಣದಲ್ಲೇ ಹೋಯಿತು.

“ಒಮ್ಮೆ ಹೊರಗ ಬಂತಂದ್ರ ಮತ್ತ ಸಿಗಂಗಿಲ್ಲ ತಂಗಿ. ಉಳದದ್ದು ನಿನ್ನ ಹತ್ರ ಇರ್ಲಿ. ಮುಂದ ನಾ ಬಂದಾಗ ಇಬ್ರೂ ಕೂಡಿ ಒಡಿಯೋಣು,” ಅಂದಳು.

ಅವಳು ಬರಲಿಲ್ಲ. ಜ್ವರವೆಂದು ಮಲಗಿದವಳು ಏಳಲೇ ಇಲ್ಲ.

ಎರಡು ವರ್ಷದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಭಾವ ಬಂದರು. ಅವರ ಮನೆಯಲ್ಲಿ ಅವರಿಗೆ ಇನ್ನೊಂದು ಮದುವೆ ಗೊತ್ತು ಮಾಡುತ್ತಿದ್ದರು. “ನೀ ಬ್ಯಾಡ ಅಂದ್ರ ಬಿಡ್ತೇನಿ. ಖರೇ ಹೇಳು,” ಅಂದರು. ಬೇಡ ಎನ್ನಲು ಬಾಯಿ ತೆರೆದಿದ್ದೆ. ಆಗಲೇ ಆ ವಾಸನೆ ಬಂತು.

ನನ್ನ ಭ್ರಮೆ ಎಂದುಕೊಂಡೆ. ಆದರೆ ಭಾವ ಚಹದ ಕಪ್ಪು ಕೆಳಗಿಟ್ಟು, “ಆಕಿ ಕಲ್ಲು ಒಡದಿಯೇನವಾ?” ಎಂದು ಕೇಳಿದರು.

ಅಲಮಾರಿ ತೆರೆದೆ. ಕರವಸ್ತ್ರದ ಗಂಟು ನಾನು ಕಟ್ಟಿದಂತೆಯೇ ಇತ್ತು. ಬಿಚ್ಚಿ ನೋಡಿದೆವು. ಹೊಸ ಬಿರುಕಿಲ್ಲ, ಚೂರು ಪುಡಿಯೂ ಉದುರಿರಲಿಲ್ಲ. ಮೂಗಿಗೆ ಹಿಡಿದರೆ ಕಲ್ಲಿಗೆ ವಾಸನೆಯೇ ಇಲ್ಲ. ಇದ್ದದ್ದು ಕೋಣೆಯ ತುಂಬ. ಅಡುಗೆಮನೆ, ಬಚ್ಚಲು ಎಲ್ಲ ಹುಡುಕಿದೆ. ಬ್ಲೀಚಿಂಗ್ ಪೌಡರ್ ಮನೆಯಲ್ಲಿರಲೇ ಇಲ್ಲ.

ತಿರುಗಿ ಬಂದಾಗ ಭಾವ ಕಲ್ಲನ್ನು ಕೈಯಲ್ಲಿ ಹಿಡಿದು ಅಳುತ್ತಿದ್ದರು. “ಮಾಡ್ಕೋರಿ ಭಾವ,” ಅಂದೆ. ಯಾಕೆ ಹಾಗಂದೆನೋ. ಅಕ್ಕ ಹೂಂ ಅಂದಳೋ, ಬೇಡ ಅಂದಳೋ, ಅಥವಾ ಅದು ಅಕ್ಕನೇ ಅಲ್ಲವೋ, ಇವತ್ತಿಗೂ ನನಗೆ ತಿಳಿದಿಲ್ಲ.

ಅವರು ಬಸ್ಸಿಗೆ ಹೊರಟ ಮೇಲೂ ವಾಸನೆ ತುಸು ಉಳಿದಿತ್ತು. ಇಂಥ ಅನಿಲ ಬಂದರೆ ಮೊದಲು ಕಿಟಕಿ ತೆರೆಯಬೇಕೆಂದು ಮಕ್ಕಳಿಗೆ ಹೇಳಿಕೊಡುವವಳು ನಾನು. ಅಂದು ಒಂದೊಂದಾಗಿ ಎಲ್ಲ ಕಿಟಕಿಗಳನ್ನೂ ಮುಚ್ಚಿ ಕೂತೆ.