ಸಾಹೇಬನ ಪಥ್ಯ, ಅಕ್ಕನ ಅಂಟು

ಹರಿದ ಪುಸ್ತಕ ಕಂಡರೆ ಅಕ್ಕನ ಕೈ ಸುಮ್ಮನಿರದು. ಮನೆಯ ಮುಂಗೋಣೆಯೇ ಅವಳ ಬೈಂಡಿಂಗ್ ಅಂಗಡಿ. ಬೀದಿಗೆಲ್ಲ ಅವಳು ಬೈಂಡಿಂಗ್ ಅಕ್ಕ. ಕೋಪ ಸದಾ ಮೂಗಿನ ತುದಿಯಲ್ಲಿ. ಆದರೆ ಅವಳ ನಾಯಿ ಸಾಹೇಬ ಒಮ್ಮೆ ಬಾಲ ಅಲ್ಲಾಡಿಸಿದರೆ ಬೆಣ್ಣೆಯಂತೆ ಕರಗುತ್ತಿದ್ದಳು.

ಆ ಸಾಹೇಬ ಮೈ ಕೆರೆದುಕೊಂಡು ಕೆರೆದುಕೊಂಡು ಅರ್ಧ ಬೋಳಾಗಿದ್ದ. ಗೋಧಿ ಒಗ್ಗುತ್ತಿಲ್ಲವೇನೋ ಎಂದು ಪಶುವೈದ್ಯೆಗೆ ಅನುಮಾನ. "ಮೀನು, ಬೇಯಿಸಿದ ಆಲೂಗಡ್ಡೆ, ಅಷ್ಟೇ. ಬಿಸ್ಕತ್ತಿನ ಪುಡಿ ಕೂಡ ಬಾಯಿಗೆ ಬೀಳಬಾರದು" ಎಂದರು. ಅಕ್ಕ ತಪ್ಪದೆ ಪಾಲಿಸಿದಳು. ವಾರಗಳು ಕಳೆದರೂ ಕೆರೆತ ನಿಲ್ಲಲಿಲ್ಲ.

"ಅಕ್ಕಾ, ಅದರ ಗೋಳು ನೋಡಕ್ಕಾಗಲ್ಲ" ಎಂದ ಅದೇ ಮನೆಯಲ್ಲಿದ್ದ ತಮ್ಮ. "ಈ ತಿಂಗಳೂ ವಾಸಿಯಾಗದಿದ್ರೆ, ಚೆನ್ನಾಗಿ ನೋಡ್ಕೊಳ್ಳೋರಿಗೆ ಕೊಟ್ಟುಬಿಡೋಣ."

ಅಕ್ಕ ಸಾಹೇಬನನ್ನು ಹತ್ತಿರಕ್ಕೆ ಎಳೆದುಕೊಂಡಳು. ಬಾಯಿ ಮಾತ್ರ ಸೋಲಲಿಲ್ಲ. "ಕದ್ದು ಬ್ರೆಡ್ ಹಾಕ್ತಿರೋನು ನೀನೇ ಕಣೋ! ನನಗೇ ಬುದ್ಧಿ ಹೇಳ್ತೀಯಾ?"

ಬ್ರೆಡ್ಡು ಬೀರುವಿನ ನೆತ್ತಿಗೇರಿತು. ತಮ್ಮ ತಟ್ಟೆ ಹಿಡಿದಾಗಲೆಲ್ಲ ಅವಳ ಕಣ್ಣು ಅವನ ಕೈಮೇಲೆ. ಪಾಪ, ಅವನು ಗಬಗಬನೆ ಉಂಡು ಎದ್ದುಬಿಡುತ್ತಿದ್ದ.

ಒಂದು ಸಂಜೆ ಅವಳು ಪುಸ್ತಕದ ಬೆನ್ನಿಗೆ ಅಂಟು ಸವರಿ, "ಬಾರೋ ನನ್ನ ರಾಜ" ಎಂದು ಕೈ ಚಾಚಿದಳು. ಸಾಹೇಬ ಐದೂ ಬೆರಳನ್ನು ಚಪ್ಪರಿಸಿ ನೆಕ್ಕಿದ.

"ಅಕ್ಕಾ, ಆ ಅಂಟು ಯಾತರದ್ದು?"

"ಮೈದಾದ್ದು. ಇವನು ನೆಕ್ತಾನೆ ಅಂತಲೇ ಅಂಟು ಕೆಡದಂಗೆ ಹಾಕೋ ಆ ಮೈಲುತುತ್ತದ ವಿಷ ಹಾಕದೆ ದಿನಾ ಹೊಸದಾಗಿ ಕುದಿಸ್ತೀನಿ. ಮೈದಾ ಅಂದ್ರೆ..."

ಗೋಧಿಯೇ! ಅಕ್ಕನ ಮುಖ ಸಪ್ಪಗಾಯಿತು. ತಮ್ಮನನ್ನೇ ಕಳ್ಳನೆಂದವಳು ತಾನೇ ದಿನಾ ಉಣಿಸಿದ್ದಳು. ತಮ್ಮನಿಗೆ ನಗು ತಡೆಯಲಾಗಲಿಲ್ಲ.

"ನಗು, ನಗು! ನಂದೇ ತಪ್ಪು ಕಣೋ" ಎಂದು ಅವಳು ಅಂಟಿನ ಪಾತ್ರೆ ತೊಳೆಯಲು ಎದ್ದಳು.

ಅಂಟಿಗೂ ಪಥ್ಯ ಶುರುವಾಯಿತು. ಆಲೂಗಡ್ಡೆ ತುರಿದು, ನೀರಲ್ಲಿ ಹಿಂಡಿ, ತಳದಲ್ಲಿ ನಿಂತ ಬಿಳಿ ಹಿಟ್ಟು ಕಾಯಿಸಿದಳು. ಮೊದಲ ಸಲ ಗಂಟುಗಂಟಾಯಿತು. ಮುಂದಿನದು ನೀರುನೀರು, ಒಂದು ದಪ್ಪ ನಿಘಂಟಿನ ರಟ್ಟು ಕಳಚಿ ಬಿತ್ತು. ಅಕ್ಕ ಜಗ್ಗುವವಳೇ? ಕೊನೆಗೊಂದು ದಿನ ಅದೇ ನಿಘಂಟನ್ನು ರಟ್ಟು ಹಿಡಿದು ಎತ್ತಿ ಜಾಡಿಸಿದಳು. ಹಾಳೆ ಅಲುಗಲಿಲ್ಲ.

ಸಾಹೇಬನ ಬೆನ್ನ ಮೇಲೆ ಮೊದಲು ನವಿರಾದ ತುಪ್ಪಳ, ಆಮೇಲೆ ದಟ್ಟ ಕೂದಲು ಬಂತು. ವೈದ್ಯೆ ಬೆರಳಾಡಿಸಿ ನೋಡಿ ಅಕ್ಕನ ಭುಜ ತಟ್ಟಿದರು. ಅವಳು ಬೀದಿಯುದ್ದಕ್ಕೂ ತಲೆಯೆತ್ತಿ ನಡೆದುಬಂದಳು.

"ಏನೋ, ಇವನನ್ನ ಯಾರಿಗೆ ಕೊಡೋಣ ಅಂದೆ?" ಬಾಗಿಲಲ್ಲೇ ಗದರಿದಳು.

"ಯಾರು ಕೇಳಿದ್ರೂ ಕೊಡಲ್ಲ ಬಿಡಕ್ಕಾ" ಎಂದ ತಮ್ಮ.

ಅಕ್ಕ ಕುಂಚ ಹಿಡಿದು ಕೆಲಸಕ್ಕೆ ಕೂತಳು. ಅಂಟು ಮೆತ್ತಿದ ಎಡಗೈಯನ್ನು ಸಾಹೇಬ ಧಾರಾಳವಾಗಿ ನೆಕ್ಕುತ್ತಿದ್ದ; ಅವಳು ಕೈ ಎಳೆದುಕೊಳ್ಳಲಿಲ್ಲ.