ನಿಂಗಯ್ಯನ ಹೆಸರಿನ ಬಾಟಲಿ

೨೦೦೬ರ ಶ್ರಾವಣದ ಒಂದು ಸೋಮವಾರ, ಬೆಳಿಗ್ಗೆ ಆರೂವರೆಯ ಬಸ್ಸಿಗೆ ಚನ್ನರಾಯಪಟ್ಟಣದಿಂದ ಹೊರಟೆ. ಹೊಳೆನರಸೀಪುರಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರು. ಜಿಟಿಜಿಟಿ ಮಳೆ. ಪಕ್ಕದ ಕಿಟಕಿಯ ಗಾಜು ಏನು ಮಾಡಿದರೂ ಮುಚ್ಚಲಿಲ್ಲ, ಭುಜವೆಲ್ಲ ಒದ್ದೆಯಾಯಿತು. ಅರಕಲಗೂಡಿನ ಹತ್ತಿರದ ಹಳ್ಳಿಯಲ್ಲಿದ್ದ ನಿಂಗಯ್ಯನಿಗೆ ಒಂದು ಕೆಟ್ಟ ಸುದ್ದಿ ಮುಟ್ಟಿಸಬೇಕಿತ್ತು.

ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುವವಳು. ಮೂತ್ರಕ್ಕೆ ಒಂದು ಬಣ್ಣ ಬೆರೆಸಿ, ಕತ್ತಲ ಪೆಟ್ಟಿಗೆಯೊಳಗಿಟ್ಟು ನೇರಳೆ ದೀಪ ಹಾಕಿದರೆ, ಕ್ಯಾನ್ಸರ್ ಇದ್ದವರದು ಹಸಿರಾಗಿ ಹೊಳೆಯುತ್ತದೆಯೇ ಎಂದು ನೋಡುವುದು ನಮ್ಮ ಪ್ರಯೋಗ. ಸೂಜಿ ಚುಚ್ಚುವ ಕಷ್ಟವಿಲ್ಲ. ಬೀಡಿ ಸೇದುವ ಗಂಡಸರಿಗೆ ಮೂತ್ರಕೋಶದ ಕ್ಯಾನ್ಸರಿನ ಭಯ ಹೆಚ್ಚೆಂದು ಹಿಂದಿನ ತಿಂಗಳು ಆ ಹಳ್ಳಿಯಲ್ಲಿ ಅವರಿಗಷ್ಟೇ ಬಾಟಲಿ ಹಂಚಿ, ಮೂತ್ರ ತುಂಬಿಸಿಕೊಂಡು ತಂದಿದ್ದೆ. ಹೆಂಗಸರನ್ನೂ ಕೇಳಬೇಕೆಂದು, ನಾನೇ ಹೆಂಗಸಾಗಿದ್ದೂ, ತೋಚಲಿಲ್ಲ. ಸಾಲಾಗಿಟ್ಟ ಬಾಟಲಿಗಳಲ್ಲಿ ನಿಂಗಯ್ಯನ ಹೆಸರಿನದೊಂದೇ ಹೊಳೆಯಿತು. ಮೂರು ಸಲ ನೋಡಿದೆ, ಮೂರು ಸಲವೂ ಹೊಳೆಯಿತು.

ಹೊಳೆನರಸೀಪುರದ ಸ್ಟ್ಯಾಂಡಿನ ಎದುರು ಎರಡು ಇಡ್ಲಿ ತಿಂದೆ. ರುಚಿ ಹತ್ತಲಿಲ್ಲ. ಅರಕಲಗೂಡಿನ ಬಸ್ಸು ಮುಕ್ಕಾಲು ಗಂಟೆ ತಡವಾಗಿ ಬಂತು. ನಿಜ ಹೇಳಬೇಕೆಂದರೆ ಬಾರದಿದ್ದರೇ ಚೆನ್ನಾಗಿತ್ತು ಅನ್ನಿಸಿತ್ತು.

ನಿಂಗಯ್ಯ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗೆ ಸೌದೆ ತುಂಬುತ್ತಿದ್ದ. ಬಾಟಲಿ ಹೊಳೆದ ಮಾತ್ರಕ್ಕೆ ಕಾಯಿಲೆ ಇದೆ ಎಂದಲ್ಲ, ಆದರೆ ಹಾಸನದ ದೊಡ್ಡಾಸ್ಪತ್ರೆಯಲ್ಲಿ ಇವತ್ತೇ ತೋರಿಸಬೇಕು ಎಂದೆ.

"ನಂಗೇನಾಗೈತೆ ಮೇಡಮ್ನೋರೇ? ಗುಂಡುಕಲ್ಲಿದ್ದಂಗಿವ್ನಿ" ಎಂದು ನಕ್ಕ. ಅವನ ಹೆಂಡತಿ ಸಾಕಮ್ಮ ನಗಲಿಲ್ಲ. ಒಲೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಸೀರೆ ಬದಲಿಸಿ, ಅವನ ಕೈಹಿಡಿದು ಹೊರಡಿಸಿಯೇ ಬಿಟ್ಟಳು.

ಹಾಸನದ ಬಸ್ಸಿನಲ್ಲಿ ನನ್ನ ಪಕ್ಕವೇ ಕೂತಳು. "ಇವ್ರಿಗೇನಾರಾ ಆದ್ರೆ ನಾನು ಉಳ್ಯಾಕಿಲ್ಲ ಕಣಕ್ಕ" ಎಂದಳು. ದಾರಿ ಮಧ್ಯೆ ಎರಡು ಸಲ ಹೊಟ್ಟೆಯ ಕೆಳಗೆ ಕೈ ಒತ್ತಿಕೊಂಡಳು. ಬಸ್ಸಿನ ಕುಲುಕಾಟ ಎಂದುಕೊಂಡೆ.

ಆಸ್ಪತ್ರೆಯಲ್ಲಿ ಎರಡೂವರೆ ಗಂಟೆ ಕಾದೆವು. ಸ್ಕ್ಯಾನ್ ನೋಡಿದ ಡಾಕ್ಟರು ನನ್ನತ್ತ ತಿರುಗಿ, "ಇವರಿಗೆ ಏನೂ ಇಲ್ರೀ. ಮೊದ್ಲು ನಿಮ್ಮ ದೀಪಕ್ಕೆ ಔಷಧಿ ಕೊಡ್ಸಿ" ಎಂದರು. ಅವಮಾನವಾಯಿತು. ಅದಕ್ಕಿಂತ ಹೆಚ್ಚು ಖುಷಿಯಾಯಿತು.

ಕ್ಯಾಂಟೀನಿನಲ್ಲಿ ನಿಂಗಯ್ಯ ಚಿತ್ರಾನ್ನ ತರಲು ಹೋದ. ಸಾಕಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತ ನನ್ನ ಕಿವಿಯ ಹತ್ತಿರ ಬಂದಳು.

"ಬಯ್ಬ್ಯಾಡಿ ಅಕ್ಕ. ಅವತ್ತು ಇವ್ರು ಬೆಳಕರಿಯೋಕ್ ಮುಂಚೆನೇ ಬ್ಯಾರನ್ಗೆ ಓಗ್ಬುಟ್ಟಿದ್ರು. ಅಷ್ಟು ದೂರದಿಂದ ಬಂದೋರ್ನ ಬರಿಗೈಲಿ ಎಂಗೆ ಕಳ್ಸೋದು ಅಂತ ಬಾಟ್ಲಿ ನಾನೇ ತುಂಬಿಸ್ಕೊಟ್ಟೆ. ಅದು ಇವ್ರುದಲ್ಲ, ನಂದು."

ಗಂಡ ಪಾರಾದ ಸಂತೋಷದಲ್ಲಿ ತಾನು ಏನು ಹೇಳುತ್ತಿದ್ದೇನೆ ಎಂಬುದು ಅವಳಿಗೆ ತಿಳಿದಿರಲಿಲ್ಲ. ಮೂತ್ರದಲ್ಲಿ ರಕ್ತ ಹೋಗುತ್ತಿದೆಯೇ ಎಂದು ಮೆಲ್ಲಗೆ ಕೇಳಿದೆ.

"ಯುಗಾದಿಯಿಂದ್ಲೂ ಅಂಗೇ ಕಣಕ್ಕ. ಎಂಗಸ್ರಿಗೆ ಅದೆಲ್ಲ ಇದ್ದಿದ್ದೇ ಅಲ್ವಾ?"

ಅವಳನ್ನು ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಈ ಸಲ ಅವರು ತಮಾಷೆ ಮಾಡಲಿಲ್ಲ. ಮೂತ್ರಕೋಶದಲ್ಲಿ ಗಡ್ಡೆ, ದೊಡ್ಡದೇ ಇದೆ, ಇಷ್ಟು ದಿನ ಯಾಕೆ ಬಿಟ್ಟಿರಿ ಎಂದರು. ಸಾಕಮ್ಮನನ್ನು ವಾರ್ಡಿಗೆ ಸೇರಿಸಿಕೊಂಡರು.

ಸಂಜೆ ನಾನು ಹೊರಟಾಗ ನಿಂಗಯ್ಯ ವರಾಂಡದ ಕೊನೆಯವರೆಗೂ ಬಂದ.

"ಬೀಡಿ ಸೇದಿದ್ದು ನಾನಲ್ವಾ ಮೇಡಮ್ನೋರೇ? ಅವ್ಳಿಗ್ಯಾಕೆ ಬಂತು?"

"ಗೊತ್ತಿಲ್ಲ ನಿಂಗಯ್ಯನೋರೇ" ಎಂದೆ.

"ಅಂಗಾರೆ ನಂದೇ ಇನ್ನೊಂದ್ಸಲ ನೋಡಾಕೆ ಯೋಳಿ. ಸರ್ಯಾಗಿ ನೋಡಿರಾಕಿಲ್ಲ ಆ ಡಾಕ್ಟ್ರು."

ಚನ್ನರಾಯಪಟ್ಟಣದ ಬಸ್ಸಿಗೆ ಹೊತ್ತಾಗಿತ್ತು. ಮೆಟ್ಟಿಲಿಳಿದು ಒಮ್ಮೆ ತಿರುಗಿ ನೋಡಿದೆ. ಸ್ಕ್ಯಾನಿಂಗ್ ಕೋಣೆಗೆ ಬೀಗ ಬಿದ್ದಿತ್ತು. ಅದರ ಮುಂದಿನ ಬೆಂಚಿನಲ್ಲಿ ನಿಂಗಯ್ಯ ತನ್ನ ಸ್ಕ್ಯಾನಿನ ಚೀಟಿ ಹಿಡಿದುಕೊಂಡು ಕೂತಿದ್ದ.