ಬೀಟಾ ನಂಬಿದ ಮೇಷ್ಟ್ರು

ಕಂಪ್ಯೂಟರ್ ಪುಸ್ತಕ ಬರೆಯುವವರಿಗೆ ಹೊಟ್ಟೆಕಿಚ್ಚು ಯಾರ ಮೇಲೆ ಗೊತ್ತೇ? ಅಡುಗೆ ಪುಸ್ತಕ ಬರೆಯುವವರ ಮೇಲೆ. ನೀರು ಕಾಯಿಸುವ ಕ್ರಮವನ್ನು ಯಾವ ಕಂಪನಿಯೂ ಮೂರು ತಿಂಗಳಿಗೊಮ್ಮೆ ಬದಲಾಯಿಸುವುದಿಲ್ಲವಲ್ಲ!

ನಮ್ಮ ಮೇಷ್ಟ್ರು ಪಾಠ ಹೇಳುವುದನ್ನು ಬಿಟ್ಟು ವರ್ಷಗಳಾಗಿದ್ದರೂ ಆ ಹೆಸರು ಅವರನ್ನು ಬಿಟ್ಟಿರಲಿಲ್ಲ. ಕ್ಲಿನಿಕ್ಕುಗಳ ಮುಂಭಾಗದ ಮೇಜಿನ ಹಿಂದೆ ಕುಳಿತು ರೋಗಿಗಳಿಗೆ ಸಮಯ ಕೊಡುವವರು ಬಳಸುವ ಒಂದು ಸಾಫ್ಟ್‌ವೇರ್ ಇತ್ತು. ಅದನ್ನು ಕಲಿಸುವ ಪುಸ್ತಕಗಳನ್ನು ಅವರು ಬರೆಯುತ್ತಿದ್ದರು. ಮೊದಮೊದಲು ಕಂಪನಿ ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬಿಡುತ್ತಿತ್ತು. ಆಮೇಲೆ ವರ್ಷಕ್ಕೊಮ್ಮೆಯಾಯಿತು. ಈಗೀಗ ಬೆಳಿಗ್ಗೆ ಎದ್ದು ತೆರೆದರೆ ನಿನ್ನೆ ಎಡಕ್ಕಿದ್ದ ಮೆನು ಬಲಕ್ಕೆ ಹೋಗಿ ಕೂತಿರುತ್ತಿತ್ತು. ಪುಸ್ತಕಕ್ಕಾದರೋ ಬರೆಯಬೇಕು, ಪರದೆಯ ಚಿತ್ರ ತೆಗೆಯಬೇಕು, ಕರಡು ತಿದ್ದಬೇಕು, ಅಚ್ಚಿಗೆ ಕೊಟ್ಟು ಕಾಯಬೇಕು. ಅಂಗಡಿಗೆ ಬರುವಷ್ಟರಲ್ಲಿ ಅದು ಹಳಸಿರುತ್ತಿತ್ತು. “ನಮ್ ಭಾವ ಹೋದ ವರ್ಷದ ಕ್ಯಾಲೆಂಡರ್ ಅಚ್ಚು ಹಾಕಿಸ್ತಾರೆ” ಎಂದು ಹೆಂಡತಿಯ ತಮ್ಮ ನೆಂಟರಿಷ್ಟರೆದುರು ಹಲ್ಲು ಕಿಸಿಯುತ್ತಿದ್ದ. ಮೇಷ್ಟ್ರೂ ಜೊತೆಗೆ ನಗುತ್ತಿದ್ದರು, ಒಳಗೆ ಮಾತ್ರ ಉರಿದುಹೋಗುತ್ತಿತ್ತು.

ಅವರಿಗೊಂದು ಹಟವಿತ್ತು. ಒಂದೊಂದು ಪಾಠ ಬರೆದಾಗಲೂ ಹೆಂಡತಿಯನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಬರೆದದ್ದನ್ನು ಮಾತ್ರ ಓದಿಕೊಂಡು ಮಾಡು ಎನ್ನುತ್ತಿದ್ದರು. ತಾವು ತುಟಿಪಿಟಿಕ್ಕೆನ್ನುತ್ತಿರಲಿಲ್ಲ. ಆಕೆ ಒಂದು ಕಡೆ ತಡವರಿಸಿದರೂ ಸಾಕು, ಆ ಪುಟ ಕಸದ ಬುಟ್ಟಿಗೆ.

“ನನ್ ತಲೆಗೇ ಹೋಗ್ಲಿಲ್ಲ ಬಿಡಿ” ಎಂದು ಆಕೆ ಸಮಾಧಾನ ಹೇಳಬೇಕು.

“ನಿನ್ ತಲೆಗೇನಾಗಿದೆ? ನಾನ್ ಬರ್ದಿರೋದೇ ಸರಿಯಿಲ್ಲ” ಎಂದು ಇವರು ಗೊಣಗಬೇಕು.

ಪುಸ್ತಕ ಹೇಳಿದಂತೆ ಮಾಡಿದವರಿಗೆ ಪುಸ್ತಕ ಹೇಳಿದ್ದೇ ಸಿಗಬೇಕು. ತಮ್ಮ ಮಾನಮರ್ಯಾದೆಯನ್ನೆಲ್ಲ ಅವರು ಈ ಒಂದು ಮಾತಿನ ಮೇಲೆ ಇಟ್ಟಿದ್ದರು.

ಒಂದು ದಿನ ಪ್ರಕಾಶಕರು ಕರೆಸಿಕೊಂಡು ಕಡ್ಡಿ ಮುರಿದಂತೆ ಹೇಳಿದರು: “ಮೇಷ್ಟ್ರೇ, ಇದೊಂದ್ಸಲ ನೋಡೋಣ. ಇದೂ ಹಳೇದಾಗಿ ಬಂದ್ರೆ ನಿಮ್ ಪುಸ್ತಕಗಳಿಗೆ ಮಂಗಳ ಹಾಡೋದೇ. ಗೋಡೌನಲ್ಲಿ ಕಾಲಿಡೋಕೆ ಜಾಗ ಇಲ್ಲ.”

ಸಾಫ್ಟ್‌ವೇರಿನ ಹಿಂದೆ ಓಡಿ ಓಡಿ ಸುಸ್ತಾಗುವ ಬದಲು ಮುಂದೆಯೇ ಹೋಗಿ ನಿಂತರೆ ಹೇಗೆ ಎಂದು ಆಗ ಅವರಿಗೆ ಹೊಳೆಯಿತು. ಬಿಡುಗಡೆಗೆ ಮೊದಲು ಪರೀಕ್ಷೆಗೆಂದು ಕೆಲವರಿಗಷ್ಟೇ ಕೊಡುವ ಬೀಟಾ ಪ್ರತಿಯನ್ನು ಕಂಪನಿಯವರನ್ನು ಕಾಡಿ ಬೇಡಿ ತರಿಸಿಕೊಂಡರು. ಅದರಲ್ಲಿ ‘ಎಲ್ಲರನ್ನೂ ಮುಂದಕ್ಕೆ ಸರಿಸು’ ಎಂಬ ಹೊಸ ಬಟನ್ ಇತ್ತು. ಡಾಕ್ಟರು ತಡವಾದರೆ ಒಬ್ಬೊಬ್ಬ ರೋಗಿಯ ಸಮಯವನ್ನೂ ತಿದ್ದುತ್ತಾ ಕೂರಬೇಕಿಲ್ಲ. ಒಮ್ಮೆ ಒತ್ತಿದರೆ ಇಡೀ ಸಾಲೇ ಸರಿದು, ಎಲ್ಲರ ಫೋನಿಗೂ ಸಂದೇಶ ಹೋಗುತ್ತದೆ. ಮೇಷ್ಟ್ರು ಹಿರಿಹಿರಿ ಹಿಗ್ಗಿದರು. ಹೆಂಡತಿಯೂ ಒತ್ತಿ ನೋಡಿ, “ಅಯ್ಯೋ, ಇಷ್ಟೇನಾ! ನಾನೇ ಹೋಗಿ ಕ್ಲಿನಿಕ್ಕಲ್ಲಿ ಕೂತ್ಕೋಬಹುದು” ಎಂದಳು. ‘ಇವೆಲ್ಲ ಬದಲಾಗಬಹುದು’ ಎಂಬ ಸಣ್ಣಕ್ಷರದ ಸಾಲು ಪರದೆಯ ಕೆಳಗಿತ್ತು. ಮೇಷ್ಟ್ರು ಫೋನ್ ಮಾಡಿಯೇ ಕೇಳಿದರು. “ಅದು ಸುಮ್ನೆ ಹಾಕಿರ್ತೀವಿ ಸಾರ್, ನೀವು ಧೈರ್ಯವಾಗಿ ಬರೀರಿ” ಎಂದರು ಕಂಪನಿಯವರು. ಪುಣ್ಯಾತ್ಮ ಧೈರ್ಯವಾಗಿಯೇ ಬರೆದರು. ಅರ್ಧ ಪುಸ್ತಕ ಆ ಬಟನ್ನಿನ ಮೇಲೆ ನಿಂತಿತು.

ಹೊಸ ಆವೃತ್ತಿಯೂ ಪುಸ್ತಕವೂ ಒಂದೇ ದಿನ ಹೊರಬಿದ್ದವು. ಹೀಗೆ ಆದದ್ದು ಅದೇ ಮೊದಲು. ಪ್ರಕಾಶಕರು ಬೆನ್ನು ತಟ್ಟಿದರು, ಭಾಮೈದನ ಬಾಯಿಗೆ ಬೀಗ ಬಿತ್ತು. ಮೇಷ್ಟ್ರು ಮನೆಗೆ ಬಂದು, ಚಪ್ಪಲಿ ಬಿಟ್ಟವರೇ, ಹೊಸ ಆವೃತ್ತಿ ತೆರೆದರು. ಬಟನ್ ಇರಲಿಲ್ಲ. ಒಂದೊಂದು ಮೆನುವನ್ನೂ ಜಾಲಾಡಿದರು. ಕೊನೆಗೆ ಕಂಪನಿಗೆ ಫೋನ್ ಮಾಡಿದರು.

“ಓ, ಅದಾ ಸಾರ್? ಕೊನೇ ವಾರ ಕೈ ಕೊಡ್ತು, ತೆಗ್ದುಬಿಟ್ವಿ. ಮುಂದೆ ಯಾವಾಗಾದ್ರೂ ಬರಬಹುದು.”

ಹಳೆಯ ಪುಸ್ತಕಗಳಾದರೂ ಒಂದು ಕಾಲಕ್ಕೆ ನಿಜವಾಗಿದ್ದವು. ಇದು ಒಂದು ದಿನಕ್ಕೂ ನಿಜವಾಗಿರಲಿಲ್ಲ. ಬಿದ್ದಂಬೀಳ ಓಡಿಹೋಗಿ ಪ್ರಕಾಶಕರೆದುರು ನಿಂತು, ಮಾರಾಟ ನಿಲ್ಲಿಸಿ ಎಂದರು.

“ಲಾರಿ ಹೊರಟಾಯ್ತು ಮೇಷ್ಟ್ರೇ. ಅಷ್ಟೆಲ್ಲ ಯಾರ್ ನೋಡ್ತಾರೆ? ನೀವಾಗಿ ಬಾಯಿ ಬಿಡ್ಬೇಡಿ, ಸಾಕು.”

ಮೇಷ್ಟ್ರು ಬಾಯಿ ಬಿಡಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಹೇಳಿದ್ದರೆ ಆಕೆ ಸುಮ್ಮನಿರುತ್ತಿರಲಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಪುಸ್ತಕ ಬಿಸಿಬಿಸಿಯಾಗಿ ಮಾರಾಟವಾಯಿತು.

ಕೆಲವು ವಾರಗಳ ಮೇಲೆ ಫೋನ್ ಬಂತು. ಸಂದೇಹವಿದ್ದರೆ ಕೇಳಲಿ ಎಂದು ಎಲ್ಲ ಪುಸ್ತಕಗಳ ಹಿಂಬದಿಯಲ್ಲೂ ಅವರು ತಮ್ಮ ನಂಬರು ಹಾಕಿಸುತ್ತಿದ್ದರು. ಚಿಕ್ಕ ವಯಸ್ಸಿನ ಹೆಣ್ಣು ದನಿ.

“ಪುಸ್ತಕ ಬರ್ದೋರಾ ಸಾರ್? ಒಂದು ಕ್ಲಿನಿಕ್ಕಲ್ಲಿ ಕೆಲಸಕ್ಕೆ ಕರ್ದಿದ್ರು. ಡಾಕ್ಟ್ರು ತಡ ಆದ್ರೆ ಏನ್ಮಾಡ್ತೀಯ ಅಂದ್ರು. ಆ ಪಾಠ ನಂಗೆ ಬಾಯಿಪಾಠ ಸಾರ್. ಬಟನ್ ಒತ್ತೀನಿ ಅಂದೆ. ಎಲ್ಲಿದೆ, ತೋರ್ಸು ಅಂದ್ರು. ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ. ಎಲ್ರೂ ನಕ್ಕುಬಿಟ್ರು, ಕೆಲಸಾನೂ ಕೊಡ್ಲಿಲ್ಲ.” ಆಕೆ ಮೂಗೆಳೆದುಕೊಂಡಳು. “ಗಾಬರೀಲಿ ನನ್ ಕಣ್ಣಿಗೇ ಬೀಳ್ಲಿಲ್ಲ ಅನ್ಸುತ್ತೆ. ಎಲ್ಲಿರುತ್ತೆ ಸಾರ್ ಅದು?”

“ಅದು ಇಲ್ಲಮ್ಮ.”

“ಚಿತ್ರ ಇದೆಯಲ್ಲ ಸಾರ್?”

“ನಾನು ನೋಡಿದ್ದೆ, ಒತ್ತಿದ್ದೆ. ಕೊನೇಲಿ ಕಂಪನಿಯವರು ತೆಗ್ದುಬಿಟ್ರು.”

“ನಿಮಗೆ ಯಾವಾಗ ಗೊತ್ತಾಯ್ತು?”

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡರು.

“ಪುಸ್ತಕ ಅಂಗಡಿಗೆ ಬಂದ ದಿನವೇ.”

“ನಾನು ತಗೊಂಡಿದ್ದು ಅದಾಗಿ ಒಂದು ವಾರಕ್ಕೆ ಸಾರ್” ಎಂದು ಆಕೆ ಫೋನ್ ಇಟ್ಟಳು.